ಕಸ ಎತ್ತುವವರಿಗೂ ಒಂದು ಕುರ್ಚಿ

ಪ್ಯಾಡು, ಡೈಪರು ಬೇರೆ ಕಟ್ಟಿ ಕೊಡಿ ಎಂದು ಲಿಫ್ಟಿನಲ್ಲಿ ನೋಟಿಸು ಅಂಟಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನಾನು ಮಾಲೂರು ಕಡೆಯವಳು, ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಆ ನೋಟಿಸು ಇಂಗ್ಲಿಷಿನಲ್ಲಿತ್ತು. ಓದಿದವರು ಕಸ ಎತ್ತುವುದಿಲ್ಲ, ಎತ್ತುವವರು ಓದಲಿಲ್ಲ.

ಬೆಂಗಳೂರಿಗೆ ನಿಯಮವೇನೂ ಕಡಿಮೆಯಿಲ್ಲ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ಬೀದಿ ಬೀದಿಯಲ್ಲಿ ಕಸ ಕೊಳೆಯಿತು. ನಮ್ಮ ಪಕ್ಕದ ಮಂಡೂರಿನವರು ಲಾರಿಗಳನ್ನು ತಡೆದರು, 2014ರ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ‘ಎರಡು ಬಿನ್, ಒಂದು ಬ್ಯಾಗ್’ ಕಡ್ಡಾಯ ಮಾಡಿತು: ಹಸಿರು ಬಿನ್ನಿಗೆ ಹಸಿ ಕಸ, ಬ್ಯಾಗಿಗೆ ಒಣ ಕಸ, ಕೆಂಪು ಬಿನ್ನಿಗೆ ಪ್ಯಾಡು, ಡೈಪರು, ಬ್ಯಾಂಡೇಜು. 2016ರ ಕೇಂದ್ರ ನಿಯಮ ಇನ್ನೊಂದು ಹೆಜ್ಜೆ ಹೋಗಿ, ಪ್ಯಾಡ್ ಕಂಪನಿಗಳೇ ಸುತ್ತುವ ಕವರು ಕೊಡಬೇಕು ಎಂದಿತು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಕೆಂಪು ಚುಕ್ಕಿ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಮೇಲೊಂದು ಕೆಂಪು ಚುಕ್ಕಿ ಇಡುವುದು, ಅಷ್ಟೇ. ವಿಂಗಡಿಸುವವರು ಪೊಟ್ಟಣ ಬಿಚ್ಚಿ ನೋಡಬೇಕಾಗಿಲ್ಲ. ಹೀಗೆ ಕಸ ವಿಂಗಡಿಸಿ ಬದುಕುವ ಚಿಂದಿ ಆಯುವವರಿಗೆ 2011ರಿಂದ ಪಾಲಿಕೆಯ ಗುರುತಿನ ಚೀಟಿ ಸಿಗತೊಡಗಿತು. ‘ಹಸಿರು ದಳ’ದಂಥ ಸಂಘಟನೆಯಿಂದ ಅವರ ಮಾತಿಗೂ ಬೆಲೆ ಬಂತು. ಕಸಕ್ಕೆ ಕೈ ಹಾಕುವವರ ಕಷ್ಟ ಗೊತ್ತಿದ್ದರೆ ಉಪಾಯವೂ ಇಷ್ಟು ಸರಳವಾಗಿರುತ್ತದೆ.

ಈ ಚುಕ್ಕಿಯನ್ನು ನಮ್ಮಲ್ಲೂ ತರಬೇಕೆಂದರೆ ಎಲ್ಲರೂ ಕೂತು ಮಾತಾಡಬೇಕು. ಆದರೆ ಅಸೋಸಿಯೇಷನ್ ಮೀಟಿಂಗು ಭಾನುವಾರ ಹನ್ನೊಂದಕ್ಕೆ. ಮನೆಗೆಲಸದವರಿಗೆ ಅದು ಮೈಮುರಿಯುವ ಹೊತ್ತು. ಮಧ್ಯಾಹ್ನ ಮೂರಕ್ಕೆ, ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಹೋಗುವ ಬಿಡುವಿನಲ್ಲಿ, ಕಸದ ಕೋಣೆಯ ಪಕ್ಕದಲ್ಲೇ ಸೇರೋಣ ಎಂದೆ. ಸೆಕ್ರೆಟರಿ ಮೇಡಂ ಒಪ್ಪಿದರು, ಹೌಸ್‌ಕೀಪಿಂಗ್ ಗುತ್ತಿಗೆ ಕಂಪನಿಯವರನ್ನೂ ಕರೆಸಿದರು.

“ಬಾತ್‌ರೂಮಿನ ಬುಟ್ಟಿ ಎತ್ತೋಳು ನಾನು ಅಕ್ಕ, ಮೀಟಿಂಗಿಗೆ ಹೋಗೋರು ಅಮ್ಮೋರು,” ಎಂದು ಒಬ್ಬಳು ಶುರು ಮಾಡಿದಳು. ಆಮೇಲೆ ಮಾತು ತಾನಾಗಿ ಬಂತು. ಸುತ್ತಲು ಪೇಪರೆಲ್ಲಿ? ಹೆಚ್ಚಿನವರು ಸುದ್ದಿ ಓದುವುದು ಫೋನಿನಲ್ಲಿ. ಹಾಗಾಗಿ ಹಳೇ ಪೇಪರನ್ನು ಸೆಕ್ಯೂರಿಟಿಯ ಹತ್ತಿರ ಕೂಡಿಡುವುದೆಂದಾಯಿತು. ಬಂಗಾಳಿ, ಒಡಿಯಾ ಹೆಂಗಸರಿಗೆ ಕನ್ನಡ ನೋಟಿಸೂ ಒಂದೇ, ಇಂಗ್ಲಿಷೂ ಒಂದೇ, ಅದಕ್ಕೇ ಚಿತ್ರ ಬರೆಸಿದೆವು. ಕೆಂಪು ಪೆನ್ನನ್ನು ಬಾತ್‌ರೂಮಿನ ಬಾಗಿಲಿಗೇ ದಾರದಲ್ಲಿ ಕಟ್ಟಬೇಕು ಎಂದವಳು ಹದಿನೆಂಟರ ಹುಡುಗಿ.

ಕೊನೆಗೆ ನಮ್ಮ ಹೌಸ್‌ಕೀಪಿಂಗ್ ಹೆಂಗಸರು ತಮ್ಮ ಮಾತು ತೆಗೆದರು. ಕಸದ ಕೋಣೆಯಲ್ಲಿ ನಲ್ಲಿಯಿಲ್ಲ. ಸೋಪು ಬೇಕೆಂದರೆ ಬೇಸ್‌ಮೆಂಟಿಗೆ ಇಳಿಯಬೇಕು. ಊಟದ ಬಿಡುವು ಅರ್ಧ ಗಂಟೆ, ಇಳಿದು ಹತ್ತುವುದರಲ್ಲೇ ಅರ್ಧ ಹೋಗುತ್ತದೆ. ಕೈ ತೊಳೆಯಿರಿ ಎಂಬ ಪೋಸ್ಟರು ಮಾತ್ರ ಗೋಡೆ ಮೇಲಿತ್ತು! ಸೋಪು ಅಸೋಸಿಯೇಷನ್ನಿನ ಖರ್ಚು ಎಂದು ಕಂಪನಿಯವರು, ಕಂಪನಿಯದು ಎಂದು ಅಸೋಸಿಯೇಷನ್ನಿನವರು. ಕರಾರು ತೆಗೆದು ನೋಡಿದರೆ ಅದರಲ್ಲಿ ಸೋಪಿನ ಸುದ್ದಿಯೇ ಇಲ್ಲ. ಈಗ ನಲ್ಲಿ ಬಂದಿದೆ, ಸೋಪೂ ಇದೆ.

ಎಲ್ಲ ಸರಿಹೋಗಿದೆ ಎನ್ನಲಾರೆ. ಐಟಿ ಹುಡುಗರ ಫ್ಲಾಟುಗಳಿಂದ ಈಗಲೂ ಬಿರಿಯಾನಿ ಡಬ್ಬಿ, ಬ್ಲೇಡು, ಬಾಟಲಿ ಒಂದೇ ಚೀಲದಲ್ಲಿ ಬರುತ್ತವೆ. ಅವರನ್ನಿನ್ನೂ ಸಭೆಗೆ ಕೂರಿಸಲಾಗಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗ್ ಕರಾರಿನಲ್ಲಿ ಸೋಪು, ಗ್ಲೌಸು ಯಾರ ಖರ್ಚು ಎಂದು ಬರೆದಿದೆಯೇ? ಮುಂದಿನ ಸಭೆಯಲ್ಲಿ ಕೇಳಿ ನೋಡಿ.