ಖಳನ ಪಕ್ಷ ಸೇರಿ ಆಡಬಹುದೇ?

ಪ್ರಶ್ನೆ: ರೋಲ್ ಪ್ಲೇಯಿಂಗ್ ವಿಡಿಯೊ ಗೇಮ್‌ಗಳಲ್ಲಿ ಖಳನಾಯಕನ ಕಡೆ ಸೇರಲು ಬಿಡುತ್ತಾರೆಯೇ? ಅಂಥ ಆಟಗಳು ಏಕೆ ಕಡಿಮೆ?

ಉತ್ತರ: ಕೆಲವು ಆಟಗಳಲ್ಲಿ ಬಿಡುತ್ತಾರೆ. 2010ರ ‘ಫಾಲ್‌ಔಟ್: ನ್ಯೂ ವೇಗಸ್’ನಲ್ಲಿ, ಸೋತವರನ್ನು ಗುಲಾಮರನ್ನಾಗಿಸುವ ಸೀಸರನ ಪಡೆ ಸೇರಿ ಹೂವರ್ ಅಣೆಕಟ್ಟನ್ನು ಅವನಿಗೇ ಗೆದ್ದುಕೊಡಬಹುದು.

ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಇದಕ್ಕಿಂತ ತೀಕ್ಷ್ಣ. ಅಲ್ಲಿ ಮಿಂಥಾರಾ ಎಂಬ ಸೇನಾನಾಯಕಿಯ ಜೊತೆಗೂಡಿ, ನಿರಾಶ್ರಿತರು ತಂಗಿರುವ ತೋಪಿನ ಮೇಲೆ ದಾಳಿ ಮಾಡಬಹುದು. ಮಾಡಿದರೆ ವಿಲ್, ಕಾರ್ಲಾಕ್ ಎಂಬ ಸಂಗಾತಿಗಳು ನಿಮ್ಮನ್ನು ತೊರೆಯುತ್ತಾರೆ. ಆ ನಿರಾಶ್ರಿತರು ಮುಂದೆ ಬದುಕಿ ಹೇಳಬೇಕಿದ್ದ ಕಥೆಗಳೂ ಅಲ್ಲಿಗೇ ಮುಗಿಯುತ್ತವೆ.

ಇಂಥ ಆಟಗಳು ಕಡಿಮೆಯಾಗಲು ಮುಖ್ಯ ಕಾರಣ ಖರ್ಚು. ಎರಡನೆಯ ದಾರಿಗೂ ಸಂಭಾಷಣೆ ಬರೆಯಬೇಕು, ಧ್ವನಿ ಕೊಡಿಸಬೇಕು, ದೃಶ್ಯ ಕಟ್ಟಬೇಕು, ದೋಷ ಪರೀಕ್ಷಿಸಬೇಕು. ಆಟಗಾರ ಒಂದು ಸುತ್ತಿನಲ್ಲಿ ಕಾಣುವುದು ಒಂದೇ ದಾರಿಯನ್ನು.

ಆದರೂ ಈ ಶ್ರಮ ಸಾರ್ಥಕ ಎಂದೇ ನನ್ನ ನಂಬಿಕೆ. ಕೆಟ್ಟದ್ದನ್ನು ಮಾಡುವ ಅವಕಾಶ ನಿಜವಾಗಿ ಇದ್ದಾಗ ಮಾತ್ರ ಒಳ್ಳೆಯದು ನಮ್ಮ ಆಯ್ಕೆಯಾಗುತ್ತದೆ. ಖಳನಿಗೂ ತನ್ನದೇ ತರ್ಕ ಕೊಟ್ಟು, ಅವನನ್ನು ನಂಬಿದವರಿಂದ ತಕ್ಕ ಬೆಲೆ ವಸೂಲಿ ಮಾಡುವ ಆಟ ಆಟಗಾರನ ವಿವೇಕವನ್ನು ಗೌರವಿಸುತ್ತದೆ.