ಬಲ್ಗೇರಿಯದ ಎಡಗಾಲಿನ ವೀರ

ಹತ್ತೊಂಬತ್ತು ವಯಸ್ಸಿನ ಹುಡುಗನೊಬ್ಬನು ಆಟದ ಬಯಲಿನಲ್ಲಿ ನಡೆದ ಹೊಡೆದಾಟದಲ್ಲಿ ಸಿಕ್ಕಿಕೊಂಡನು. ಅಧಿಕಾರದಲ್ಲಿದ್ದವರು ಸಭೆ ಸೇರಿ, ಇವನು ಬದುಕಿರುವವರೆಗೆ ಮತ್ತೆ ಆಡಕೂಡದೆಂದು ವಿಧಿಸಿದರು. ಕೆಲವು ತಿಂಗಳು ಕಳೆದ ಮೇಲೆ ಅವರೇ ಮನಸ್ಸು ಬದಲಿಸಿ ಬಾಗಿಲನ್ನು ತೆರೆದರು. ಒಂಬತ್ತು ವರ್ಷಗಳ ತರುವಾಯ, ಅದುವರೆಗೆ ಲೋಕವು ಅಷ್ಟಾಗಿ ಲಕ್ಷಿಸದಿದ್ದ ಒಂದು ಸಣ್ಣ ದೇಶದ ಹೆಸರನ್ನು ಆ ಹುಡುಗನು ಎಲ್ಲರ ಬಾಯಲ್ಲೂ ನಿಲ್ಲಿಸಿದನು. ಇದು ಕಟ್ಟುಕಥೆಯಲ್ಲ. ಬಲ್ಗೇರಿಯ ದೇಶದ ಕಾಲ್ಚೆಂಡಾಟಗಾರನಾದ ಹ್ರಿಸ್ಟೊ ಸ್ಟೊಯ್ಚ್ಕೊವನ ವೃತ್ತಾಂತ. ಗಂಡುಮಕ್ಕಳನ್ನು ಸಾಕುತ್ತಿರುವ ಗೃಹಸ್ಥರು ಇದನ್ನು ಸಾವಧಾನವಾಗಿ ಓದಬೇಕೆಂದು ನನ್ನ ಅಪೇಕ್ಷೆ.

ಬಲ್ಗೇರಿಯವು ಯೂರೋಪು ಖಂಡದ ಆಗ್ನೇಯ ಮೂಲೆಯಲ್ಲಿ, ಕಪ್ಪು ಸಮುದ್ರದ ದಡದಲ್ಲಿದೆ. ಅಲ್ಲಿಯ ಪ್ಲೊವ್ಡಿವ್ ನಗರವು ಬಹು ಪುರಾತನವಾದುದು. ಅಲೆಕ್ಸಾಂಡರನ ತಂದೆ ಫಿಲಿಪ್ಪನ ಹೆಸರಿನಿಂದ ಅದಕ್ಕೆ ಹಿಂದೆ ಫಿಲಿಪ್ಪೊಪೊಲಿಸ್ ಎಂಬ ಹೆಸರಿತ್ತು. ಮಾರಿತ್ಸಾ ನದಿಯ ತೀರದ ಈ ಊರಿನಲ್ಲಿ 1966ನೆಯ ಇಸವಿ ಫೆಬ್ರವರಿ 8ರಂದು ಸ್ಟೊಯ್ಚ್ಕೊವನು ಜನಿಸಿದನು. ಬಾಲ್ಯದಿಂದಲೂ ಎಡಗಾಲಿನ ಆಟ. ಹರ್ಮನ್ಲಿ ಎಂಬ ಸಣ್ಣ ಊರಿನ ಹೆಬ್ರೊಸ್ ತಂಡದಲ್ಲಿ ಪಳಗಿ (ಹೆಬ್ರೊಸ್ ಎಂಬುದು ಆ ಮಾರಿತ್ಸಾ ನದಿಗೇ ಪ್ರಾಚೀನ ಗ್ರೀಕರು ಇಟ್ಟಿದ್ದ ಹೆಸರು), 1984ರಲ್ಲಿ ರಾಜಧಾನಿಯಾದ ಸೋಫಿಯಾ ನಗರಕ್ಕೆ ಬಂದು, ಸೈನ್ಯದವರ ತಂಡವಾದ ಸಿ.ಎಸ್.ಕೆ.ಎ.ಯನ್ನು ಸೇರಿದನು.

ಆ ನಗರದಲ್ಲಿ ಲೆವ್ಸ್ಕಿ ಎಂಬ ಮತ್ತೊಂದು ಪ್ರಬಲ ತಂಡವುಂಟು. ಇವೆರಡಕ್ಕೂ ಇರುವ ಹಗೆತನವು ಹಾವು ಮುಂಗುಸಿಗಳದು. 1985ರ ಜೂನ್ 19ರಂದು ದೇಶದ ಕಪ್ ಪಂದ್ಯದ ಅಂತಿಮ ಸುತ್ತಿನಲ್ಲಿ ಇವು ಎದುರುಬದುರಾದುವು. ಸಿ.ಎಸ್.ಕೆ.ಎ. 2-1ರಿಂದ ಗೆದ್ದಿತಾದರೂ, ಆಟಗಾರರು ಕೈ ಕೈ ಮಿಲಾಯಿಸಿ, ಆಟವು ಜಗಳವಾಗಿ ಪರಿಣಮಿಸಿತು. ಅಂದು ಆ ದೇಶದಲ್ಲಿ ಕಮ್ಯೂನಿಸ್ಟ್ ಪಕ್ಷದ ಆಳ್ವಿಕೆ. ಕಾಲ್ಚೆಂಡಿನ ಜಗಳವೂ ರಾಜ್ಯದ ಮಾನದ ಪ್ರಶ್ನೆಯೇ. ಪಕ್ಷದ ಹಿರಿಯರು ಎರಡು ತಂಡಗಳ ಹೆಸರನ್ನೂ ಅಳಿಸಿ, ಒಂದಕ್ಕೆ ಸ್ರೆದೆತ್ಸ್ ಎಂದೂ ಇನ್ನೊಂದಕ್ಕೆ ವಿತೋಶಾ ಎಂದೂ ನಾಮಕರಣ ಮಾಡಿದರು. ಲೆವ್ಸ್ಕಿ ಎಂಬುದು ತುರ್ಕರ ವಿರುದ್ಧ ಹೋರಾಡಿ 1873ರಲ್ಲಿ ಗಲ್ಲಿಗೇರಿದ ದೇಶಭಕ್ತನ ಹೆಸರು; ಅದೂ ಉಳಿಯಲಿಲ್ಲ. ಹಲವು ಆಟಗಾರರಿಗೆ ಆಜೀವ ನಿಷೇಧವಾಯಿತು. ಆ ಪಟ್ಟಿಯಲ್ಲಿ ಒಂದು ಕಡೆ ಸ್ಟೊಯ್ಚ್ಕೊವನಿದ್ದನು. ಎದುರು ಕಡೆಯಲ್ಲಿ ಲೆವ್ಸ್ಕಿಯ ಗೋಲುರಕ್ಷಕನಾದ ಬೊರಿಸ್ಲಾವ್ ಮಿಹಾಯ್ಲೊವನಿದ್ದನು. ಈ ಎರಡನೆಯ ಹೆಸರನ್ನು ವಾಚಕರು ಮರೆಯದಿರಬೇಕು.

ಮೂವತ್ತು ವರ್ಷಕ್ಕೆ ಮಿಕ್ಕು ಪಾಠ ಹೇಳಿದವನಾದ್ದರಿಂದ ಒಂದು ಮಾತು ಹೇಳುವ ಸಲುಗೆ ನನಗುಂಟು. ತುಂಟನನ್ನು ಶಿಕ್ಷಿಸುವುದು ಬೇರೆ, ಅವನ ಹೆಸರನ್ನು ದಾಖಲೆಯ ಪುಸ್ತಕದಿಂದ ಹೊಡೆದುಹಾಕುವುದು ಬೇರೆ. ಮೊದಲನೆಯದು ಹುಡುಗನನ್ನು ಉದ್ದೇಶಿಸಿದ್ದು. ಎರಡನೆಯದು ಬಹುಮಟ್ಟಿಗೆ ನಮ್ಮ ಬೇಸರವನ್ನು ಕಳೆದುಕೊಳ್ಳುವುದಕ್ಕಾಗಿ. ಬಲ್ಗೇರಿಯದ ಅಧಿಕಾರಿಗಳು ತಮ್ಮ ತೀರ್ಪನ್ನೇ ಹಿಡಿದು ಕುಳಿತಿದ್ದರೆ ಮುಂದೆ ನಡೆದುದೊಂದೂ ನಡೆಯುತ್ತಿರಲಿಲ್ಲ. ಅವರು ನಿಷೇಧವನ್ನು ಸಡಿಲಿಸಿದರು. ಸ್ಟೊಯ್ಚ್ಕೊವನು ಮೈದಾನಕ್ಕೆ ಮರಳಿದನು.

ಮರಳಿದವನು ಸುಮ್ಮನಿರಲಿಲ್ಲ. 1989ರಲ್ಲಿ ಯೂರೋಪಿನ ಕಪ್ ವಿಜೇತರ ಪಂದ್ಯಾಟದ ಉಪಾಂತ್ಯದಲ್ಲಿ ಸ್ಪೆಯಿನ್ ದೇಶದ ಬಾರ್ಸೆಲೊನಾ ತಂಡವು ಇವನ ತಂಡವನ್ನು ಎರಡು ಆಟಗಳಲ್ಲೂ ಸೋಲಿಸಿತು. ಆದರೆ ಸೋತವರು ಹೊಡೆದ ಮೂರು ಗೋಲುಗಳೂ ಇವನವೇ! ಬಾರ್ಸೆಲೊನಾದ ಗುರುವಾಗಿದ್ದ ಯೋಹಾನ್ ಕ್ರೈಫನು ಸ್ವತಃ ಮಹಾ ಆಟಗಾರ. ಅವನ ಕಣ್ಣಿಗೆ ಇದು ಬೀಳದಿರಲಿಲ್ಲ. ಮರು ಋತುವಿನಲ್ಲಿ ಸ್ಟೊಯ್ಚ್ಕೊವನು ದೇಶದ ಲೀಗಿನಲ್ಲಿ 38 ಗೋಲು ಹೊಡೆದು, ಯೂರೋಪಿನ ಚಿನ್ನದ ಪಾದರಕ್ಷೆಯನ್ನು ಮೆಕ್ಸಿಕೋದ ಹ್ಯೂಗೊ ಸಾಂಚೆಜ್‌ನೊಡನೆ ಹಂಚಿಕೊಂಡನು. ಅಷ್ಟರಲ್ಲಿ ಹಳೆಯ ಆಳ್ವಿಕೆಯೂ ಕುಸಿದಿತ್ತು. 1990ರಲ್ಲಿ ಅವನು ಬಾರ್ಸೆಲೊನಾ ಸೇರಿದನು.

ಹೊಸ ಊರಿಗೆ ಹೋದರೂ ಹಳೆಯ ಕೋಪವು ಜೊತೆಯಲ್ಲೇ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಿಯಲ್ ಮ್ಯಾಡ್ರಿಡ್ ತಂಡದೊಡನೆ ಆಡುವಾಗ, ತೀರ್ಪುಗಾರನು ತನ್ನನ್ನು ಹೊರಗೆ ಕಳುಹಿಸಿದನೆಂದು ರೇಗಿ, ಅವನ ಪಾದವನ್ನೇ ತುಳಿದುಬಿಟ್ಟನು. ಮತ್ತೆ ಕೆಲವು ತಿಂಗಳ ನಿಷೇಧ. ನಮ್ಮ ಪುರಾಣಗಳ ದೂರ್ವಾಸರಾದರೂ ಬಾಯಿಂದ ಶಪಿಸುತ್ತಿದ್ದರೇ ಹೊರತು ಯಾರ ಕಾಲನ್ನೂ ತುಳಿದವರಲ್ಲ. ಇದು ತಪ್ಪೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ವೇದಭಾಷೆಯ ‘ಮನ್ಯು’ ಎಂಬ ಶಬ್ದವು ನನಗೆ ನೆನಪಾಗುತ್ತದೆ. ಕೋಪವೆಂದೂ ಅದಕ್ಕೆ ಅರ್ಥ, ಅಂತರಂಗದ ಕೆಚ್ಚೆಂದೂ ಅರ್ಥ. ಹಿಂದಿನವರು ಇವೆರಡಕ್ಕೂ ಒಂದೇ ಪದವನ್ನು ಇಟ್ಟುದು ಅಕಾರಣವಾಗಿ ಅಲ್ಲವೆಂದು ತೋರುತ್ತದೆ. ಕ್ರೈಫನಿಗೂ ಇದು ತಿಳಿದಿದ್ದಿರಬೇಕು. ಅವನು ಈ ಶಿಷ್ಯನನ್ನು ಕೈಬಿಡಲಿಲ್ಲ. 1991ರಿಂದ 1994ರ ವರೆಗೆ ಬಾರ್ಸೆಲೊನಾ ಸತತವಾಗಿ ನಾಲ್ಕು ಸಲ ಸ್ಪೆಯಿನ್ನಿನ ಲೀಗನ್ನು ಗೆದ್ದಿತು. 1992ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಟಲಿಯ ಸಂಪ್ದೋರಿಯಾ ತಂಡವನ್ನು ಸೋಲಿಸಿ, ಮೊಟ್ಟಮೊದಲ ಬಾರಿಗೆ ಯೂರೋಪಿಯನ್ ಕಪ್ಪನ್ನೂ ಪಡೆಯಿತು.

ಇನ್ನು ಮುಖ್ಯ ಸಂಗತಿಗೆ ಬರೋಣ. 1962ರಿಂದ 1986ರ ವರೆಗೆ ಐದು ವಿಶ್ವಕಪ್ ಪಂದ್ಯಾಟಗಳಿಗೆ ಬಲ್ಗೇರಿಯ ಹೋಗಿತ್ತು. ಆಡಿದ್ದು 16 ಆಟ. ಗೆದ್ದುದು ಒಂದೂ ಇಲ್ಲ! 1994ರ ಪಂದ್ಯಾಟಕ್ಕೂ ಅವರು ಪ್ರವೇಶ ಪಡೆದುದು ಕೂದಲೆಳೆಯಿಂದ. 1993ರ ನವೆಂಬರ್ 17ರಂದು ಪ್ಯಾರಿಸಿನಲ್ಲಿ, ಸಮ ಮಾಡಿಕೊಂಡರೆ ಸಾಕೆಂದಿದ್ದ ಫ್ರಾನ್ಸಿನ ಮೇಲೆ ಎಮಿಲ್ ಕೊಸ್ತಾದಿನೊವನು ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದುದರಿಂದ ಅಮೆರಿಕಾದ ದಾರಿ ತೆರೆಯಿತು.

ಅಲ್ಲಿಯೂ ಮೊದಲನೆಯ ಆಟದಲ್ಲಿ ನೈಜೀರಿಯ ಇವರನ್ನು 3-0ರಿಂದ ಬಡಿಯಿತು. ಬಳಿಕ ಗ್ರೀಸಿನ ಮೇಲೆ 4-0. ಅದರಲ್ಲಿ ಸ್ಟೊಯ್ಚ್ಕೊವನವು ಎರಡು ಪೆನಾಲ್ಟಿ ಗೋಲುಗಳು. ಮೂವತ್ತೆರಡು ವರ್ಷಗಳ ಮೇಲೆ ಮೊದಲ ಗೆಲವು! ಅರ್ಜೆಂಟೀನವನ್ನು 2-0ರಿಂದ ಸೋಲಿಸುವಾಗ ಮೊದಲ ಗೋಲು ಇವನದೇ. ಮೆಕ್ಸಿಕೋ ಎದುರಿನ ಆಟವು 1-1 ಆಗಿ ಪೆನಾಲ್ಟಿಗಳವರೆಗೆ ಹೋಯಿತು. ಅಲ್ಲಿ ಎರಡು ಒದೆತಗಳನ್ನು ತಡೆದು ತಂಡವನ್ನು ಉಳಿಸಿದವನು ಯಾರು? ಒಂಬತ್ತು ವರ್ಷದ ಹಿಂದೆ ಸ್ಟೊಯ್ಚ್ಕೊವನ ಜೊತೆಗೇ ಬಹಿಷ್ಕೃತನಾಗಿದ್ದ ಆ ಮಿಹಾಯ್ಲೊವನು.

ಜುಲೈ 10ರಂದು, ನ್ಯೂಯಾರ್ಕಿನ ಸಮೀಪದ ಮೈದಾನದಲ್ಲಿ, ಎದುರಿಗೆ ನಿಂತುದು ಜರ್ಮನಿ. ಹಿಂದಿನ ವಿಶ್ವಕಪ್ಪನ್ನು ಗೆದ್ದು ಬಂದ ತಂಡ. ವಿರಾಮದ ಮೇಲೆ ಪೆನಾಲ್ಟಿಯಿಂದ ಜರ್ಮನಿಗೆ ಒಂದು ಗೋಲು. ಅದರ ನಾಯಕ ಮಾಥೇಯಸ್‌ನ ಒದೆತವು ತಪ್ಪಲಿಲ್ಲ. ಕಾಲ ಸರಿಯುತ್ತಿತ್ತು. 75ನೆಯ ನಿಮಿಷದಲ್ಲಿ ಬಲ್ಗೇರಿಯಕ್ಕೆ ಒಂದು ಫ್ರೀ ಕಿಕ್ ದೊರೆಯಿತು. ಇಂಥ ಒದೆತದ ವೇಳೆ ಎದುರಾಳಿಗಳು ಗೋಡೆ ಕಟ್ಟಿದಂತೆ ಸಾಲಾಗಿ ನಿಲ್ಲುತ್ತಾರೆ. ಚೆಂಡು ಅವರ ತಲೆಯ ಮೇಲಿಂದ ಹಾದು, ಮತ್ತೆ ಕೆಳಕ್ಕೆ ಬಾಗಿ, ಕಂಬಗಳ ನಡುವೆ ಬೀಳಬೇಕು. ಬಲವಾಗಿ ಒದ್ದರೆ ಮೇಲೆ ಹೋದೀತು, ಮೆಲ್ಲಗೆ ಒದ್ದರೆ ಗೋಲಿಯ ಕೈಸೇರೀತು. ಸಿಟ್ಟಿನಲ್ಲಿ ಮಾಡುವ ಕೆಲಸವಲ್ಲ ಅದು. ಲೋಕವೆಲ್ಲ ಮುಂಗೋಪಿಯೆಂದು ಬಲ್ಲ ಆ ಮನುಷ್ಯನು ಎಡಗಾಲಿನಿಂದ ಚೆಂಡನ್ನು ಬಾಗಿಸಿ ಹೊಡೆದ ರೀತಿಯನ್ನು ಇಂದಿಗೂ ಚಲಚ್ಚಿತ್ರದಲ್ಲಿ ನೋಡಬಹುದು. ಜರ್ಮನಿಯ ಗೋಲುರಕ್ಷಕನು ನಿಂತಲ್ಲಿಂದ ಕದಲಲಿಲ್ಲ. ಮೂರು ನಿಮಿಷಗಳಲ್ಲಿ ಬೋಳುತಲೆಯ ಲೆಚ್ಕೊವನು ಹಾರಿ ತಲೆಯಿಂದ ಇನ್ನೊಂದು ಗೋಲು ಹೊಡೆದನು. 2-1!

ಉಪಾಂತ್ಯದಲ್ಲಿ ಇಟಲಿ ಗೆದ್ದಿತು. ಆ ಸೋಲಿನಲ್ಲಿಯೂ ಬಲ್ಗೇರಿಯದ ಒಂದೇ ಗೋಲು ಸ್ಟೊಯ್ಚ್ಕೊವನದು. ಮೂರನೆಯ ಸ್ಥಾನದ ಆಟದಲ್ಲಿ ಸ್ವೀಡನ್ನಿಗೆ ಸೋತು ತಂಡವು ನಾಲ್ಕನೆಯದಾಯಿತು. ಒಟ್ಟು ಆರು ಗೋಲು ಹೊಡೆದು, ರಷ್ಯದ ಸಲೆಂಕೊನೊಡನೆ ಪಂದ್ಯಾಟದಲ್ಲೇ ಅಗ್ರಸ್ಥಾನವನ್ನು ಇವನು ಹಂಚಿಕೊಂಡನು. ಆ ವರ್ಷ ಯೂರೋಪಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಚಿನ್ನದ ಚೆಂಡೂ ಇವನಿಗೇ ಬಂದಿತು. ಬಲ್ಗೇರಿಯದವರಲ್ಲಿ ಇವನೇ ಮೊದಲಿಗನು.

ಮುಂದಿನ ಕಥೆ ಇಳಿಮುಖವಾದುದು. ಇಟಲಿಯ ಪಾರ್ಮಾ, ಮರಳಿ ಬಾರ್ಸೆಲೊನಾ, ಅರಬರ ದೇಶ, ಜಪಾನು, ಕೊನೆಗೆ ಅಮೆರಿಕಾ. ದೇಶಕ್ಕಾಗಿ 83 ಆಟಗಳಲ್ಲಿ 37 ಗೋಲುಗಳ ಲೆಕ್ಕವು 1999ರಲ್ಲಿ ಮುಗಿಯಿತು. 2003ರಲ್ಲಿ ಅಮೆರಿಕಾದ ರಾಜಧಾನಿಯಲ್ಲಿ, ಒಂದು ವಿಶ್ವವಿದ್ಯಾಲಯದ ಹುಡುಗರೊಡನೆ ಅಭ್ಯಾಸಕ್ಕೆಂದು ಆಡಿದ ಆಟದಲ್ಲಿ, ಇವನ ಒರಟು ಹೊಡೆತದಿಂದ ಒಬ್ಬ ವಿದ್ಯಾರ್ಥಿಯ ಕಾಲು ಮುರಿಯಿತು. ಮೂವತ್ತೇಳು ವರ್ಷದ ಮಹಾ ಆಟಗಾರನೆಲ್ಲಿ, ಆ ಹುಡುಗನೆಲ್ಲಿ! ಚಿನ್ನದ ಚೆಂಡನ್ನು ಹೊಗಳುವವರು ಇದನ್ನು ಬಿಟ್ಟು ಹೇಳುವುದುಂಟು, ನಾನು ಬಿಡಲಾರೆ. ಕೆಚ್ಚಿನ ಫಲವನ್ನು ದೇಶವೆಲ್ಲ ಉಂಡಿತು. ಕೋಪದ ಫಲವನ್ನು ಅಂದು ಉಂಡವನು ಅದಕ್ಕೆ ಯಾವ ಸಂಬಂಧವೂ ಇಲ್ಲದವನು. ಆ ವರ್ಷವೇ ಇವನು ಆಟವನ್ನು ಬಿಟ್ಟನು.

2004ರಿಂದ 2007ರ ವರೆಗೆ ರಾಷ್ಟ್ರತಂಡದ ಶಿಕ್ಷಕನಾಗಿದ್ದನು. ಅದರಲ್ಲಿ ಹೆಚ್ಚಿನ ಯಶಸ್ಸು ಕಾಣಲಿಲ್ಲ. 1998ರ ತರುವಾಯ 2022ರ ವರೆಗೆ ನಡೆದ ಯಾವ ವಿಶ್ವಕಪ್‌ಗೂ ಬಲ್ಗೇರಿಯಕ್ಕೆ ಪ್ರವೇಶ ದೊರೆಯಲಿಲ್ಲ. ಅವನು ಶಿಕ್ಷಕನಾಗಿದ್ದ ಕಾಲದಲ್ಲೇ, 2005ರಲ್ಲಿ, ಬಲ್ಗೇರಿಯದ ಕಾಲ್ಚೆಂಡಾಟದ ಒಕ್ಕೂಟಕ್ಕೆ ಹೊಸ ಅಧ್ಯಕ್ಷನು ಬಂದನು. ಅವನು ಬೊರಿಸ್ಲಾವ್ ಮಿಹಾಯ್ಲೊವ್.