ವಾಟರ್‌ಲೂ: ಒಬ್ಬ ಪ್ರೇಕ್ಷಕನ ಮೆಚ್ಚುಗೆ

ಶ್ರೀರಂಗಪಟ್ಟಣದ ಕೋಟೆಯನ್ನು ಒಮ್ಮೆಯಾದರೂ ಸುತ್ತಿ ಬಂದ ಕನ್ನಡಿಗನು ‘ವಾಟರ್‌ಲೂ’ ಚಿತ್ರವನ್ನು ನಿಷ್ಪಕ್ಷಪಾತದಿಂದ ನೋಡಲಾರನು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋವಿನಿಂದ ಟಿಪ್ಪು ಸುಲ್ತಾನನಿಗೆ ಬರೆದ ಓಲೆಯು ದಾರಿಯಲ್ಲಿಯೇ ಇಂಗ್ಲಿಷರ ಕೈಸೇರಿತು. ಅದೇ ವರ್ಷ ಮೇ 4ರಂದು ಪಟ್ಟಣವು ಬಿದ್ದ ಮೇಲೆ ಅದರ ಅಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಡ್ಯೂಕನೆನಿಸಿದನು. ಓಲೆ ಬರೆದವನೂ ಪಟ್ಟಣವನ್ನಾಳಿದವನೂ 1815ರ ಜೂನ್ 18ರಂದು ಇಂದಿನ ಬೆಲ್ಜಿಯಮಿನ ಹೊಲಗಳಲ್ಲಿ ಎದುರುಬದುರಾದರು. ಫಲಿತಾಂಶವು ತಿಳಿದಿದ್ದರೂ, ನೆಪೋಲಿಯನ್ ಗೆದ್ದಾನೇನೋ ಎಂಬ ಹುಚ್ಚು ಆಸೆಯಿಂದಲೇ ನಾನು ಚಿತ್ರವನ್ನು ನೋಡಲು ಕುಳಿತೆನು. ಜೊತೆಗೆ, ರಾತ್ರಿಯ ಕೆಲಸ ಮುಗಿಸಿ ಬಂದಿದ್ದ ಹೋಟೆಲಿನ ಗೆಳೆಯನೊಬ್ಬನಿದ್ದನು.

ಸೋವಿಯತ್ ದಿಗ್ದರ್ಶಕ ಸೆರ್ಗೈ ಬೊಂಡಾರ್ಚುಕ್ ಇದನ್ನು ತೆರೆಗೆ ತಂದದ್ದು 1970ರಲ್ಲಿ. ಮೊದಲ ಭಾಗದ ಆಸ್ಥಾನದ ದೃಶ್ಯಗಳು ಕೊಂಚ ಎಳೆದಂತಿವೆ. ನೆಪೋಲಿಯನ್ ಪಾತ್ರದ ರಾಡ್ ಸ್ಟೈಗರ್ ಕೆಲವೆಡೆ ಅತಿಯಾಗಿ ಅಬ್ಬರಿಸುತ್ತಾರೆ. ವೆಲಿಂಗ್ಟನ್ ಆಗಿ ಕ್ರಿಸ್ಟೋಫರ್ ಪ್ಲಮ್ಮರ್ ಹುಬ್ಬೇರಿಸಿಯೇ ಅರ್ಧ ಮಾತು ಮುಗಿಸುತ್ತಾರೆ. ಶತ್ರುವೆಂದು ಎಣಿಸಿದವನೇ ಮನಸ್ಸನ್ನು ಸೆಳೆಯತೊಡಗಿದ್ದು ನನಗೆ ಸಂಕಟವನ್ನೇ ಉಂಟುಮಾಡಿತು.

ಆದರೆ ಯುದ್ಧವಾರಂಭವಾಯಿತೆಂದರೆ ಇಂಥ ಲೆಕ್ಕಾಚಾರಗಳೆಲ್ಲ ಮರೆತುಹೋಗುವುವು. ಯುಕ್ರೇನಿನ ಉಜ್‌ಹೊರೊಡ್ ಬಳಿ ಗುಡ್ಡಗಳನ್ನು ತಗ್ಗಿಸಿ, ಬೆಳೆ ಬಿತ್ತಿ, ಮರ ನೆಟ್ಟು ಆ ರಣಭೂಮಿಯನ್ನು ನಿರ್ಮಿಸಿದರು. ಸುಮಾರು 15,000 ಸೋವಿಯತ್ ಸೈನಿಕರು ಹಳೆಯ ಸಮವಸ್ತ್ರ ತೊಟ್ಟು ಅಲ್ಲಿ ನಿಂತರು. ಇಂದು ಗಣಕಯಂತ್ರವು ಸೃಷ್ಟಿಸುವ ಸೇನೆಗಳಂತಲ್ಲ; ಇಲ್ಲಿ ಕಾಣುವುದು ಉಸಿರಾಡುವ ಮನುಷ್ಯರ ಸಾಲು. “ಇಷ್ಟು ಜನಕ್ಕೆ ಊಟ ಬಡಿಸಿದ್ದು ಯಾರು ಮಾರಾಯ್ರೆ?” ಎಂದು ಗೆಳೆಯನು ಉದ್ಗರಿಸಿದನು. ನೂರಾರು ಎಲೆ ಹಾಕಿ ಬಡಿಸಿದವನಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ ಅಲ್ಲವೆ!

ಹಿಂದಿನ ರಾತ್ರಿಯ ಮಳೆಯಿಂದ ಕೆಸರಾದ ನೆಲವು ಒಣಗಲೆಂದು ನೆಪೋಲಿಯನ್ ಬಹುಮಟ್ಟಿಗೆ ಮಧ್ಯಾಹ್ನದವರೆಗೆ ಕಾದನು. ಕಳೆದುಹೋದ ಆ ಗಳಿಗೆಗಳೇ ಪ್ರಶ್ಯದ ಬ್ಲೂಖರನಿಗೆ ರಣರಂಗವನ್ನು ತಲಪಲು ಸಮಯ ಕೊಟ್ಟವು. ಅನಂತರ ಮಾರ್ಷಲ್ ನೇ, ಕಾಲ್ದಳದ ಬೆಂಬಲವಿಲ್ಲದೆಯೇ, ಅಶ್ವದಳವನ್ನು ನುಗ್ಗಿಸುತ್ತಾನೆ. ಇಂಗ್ಲಿಷ್ ಪದಾತಿಗಳು ಚೌಕ ಚೌಕವಾಗಿ ನಿಂತು ಬಂದೂಕಿನ ಈಟಿಗಳನ್ನು ಹೊರಚಾಚುತ್ತಾರೆ. ಆಕಾಶದಿಂದ ನೋಡುವಾಗ, ಬಂಡೆಗಳ ಸುತ್ತ ಹೊಳೆಯು ಸುಳಿದಾಡುವಂತೆ ಕುದುರೆಗಳು ಆ ಚೌಕಗಳನ್ನು ಸುತ್ತುತ್ತವೆ, ಒಳಗೆ ಮಾತ್ರ ನುಗ್ಗಲಾರವು. ಈ ಒಂದು ದೃಶ್ಯಕ್ಕಾಗಿಯೇ ಚಿತ್ರವನ್ನು ಇನ್ನೊಮ್ಮೆ ನೋಡಬಹುದು.

ಅದರ ನಡುವೆಯೇ ಒಬ್ಬ ಎಳೆಯ ಸಿಪಾಯಿ ಸಾಲು ಬಿಟ್ಟು ಹೊರಗೋಡಿ, ನಾವು ಒಬ್ಬರನ್ನೊಬ್ಬರು ಏಕೆ ಕೊಲ್ಲುತ್ತಿದ್ದೇವೆಂದು ಕೂಗುತ್ತಾನೆ. ಉತ್ತರಿಸುವವರಿಲ್ಲ. ಆ ಕೂಗಿನ ಬಳಿಕ ನನ್ನ ಹುಚ್ಚು ಆಸೆಯು ಎಲ್ಲಿ ಹೋಯಿತೋ ನಾನರಿಯೆ. ಸಂಜೆ ಗೆದ್ದವನು ಹೆಣಗಳ ನಡುವೆ ಕುದುರೆಯ ಮೇಲೆ ಮೌನವಾಗಿ ಸಾಗುತ್ತಾನೆ. ಸತ್ತವರ ಮೈಮೇಲಿನದನ್ನು ದೋಚುವವರು ಆಗಲೇ ಬಂದಿರುತ್ತಾರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕಾಗಿದ್ದ ನನ್ನ ಗೆಳೆಯನು, ತೆರೆಯು ಕಪ್ಪಾದ ಮೇಲೂ ಬಹಳ ಹೊತ್ತು ಎದ್ದು ಹೋಗಲಿಲ್ಲ.